ಕಲ್ಲಿಗೆ ವಲಯವುಂಟು, ಹೊಳೆಗಿಲ್ಲ

‘ಝೋನ್’ ಎಂಬ ಪದವನ್ನು ಹಂಪಿ ಬಜಾರಿನ ಜನ ಅರಿತಷ್ಟು ಚೆನ್ನಾಗಿ ನಮ್ಮ ನಾಡಿನ ಬೇರಾವ ಊರಿನವರೂ ಅರಿತಿರಲಾರರು. ಎಳನೀರು ಮಾರುವವನನ್ನು ಕೇಳಿ, ಬಾಡಿಗೆ ಸೈಕಲ್ ಕೊಡುವವನನ್ನು ಕೇಳಿ. ಕೋರ್ ಝೋನ್ ಎಲ್ಲಿಗೆ ಮುಗಿಯುತ್ತದೆ, ಬಫರ್ ಝೋನ್ ಎಲ್ಲಿಂದ ಆರಂಭ, ಪೆರಿಫೆರಲ್ ಝೋನಿನಲ್ಲಿ ಯಾವ ಹಳ್ಳಿಗಳಿವೆ ಎಂಬುದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2002ರ ಕಾಯ್ದೆಯಿಂದ ಅದಕ್ಕೊಂದು ನಿರ್ವಹಣಾ ಪ್ರಾಧಿಕಾರ ಬಂತು. 2011ರ ಜುಲೈ ಕೊನೆಯಲ್ಲಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ-ಮನೆಗಳು ಒಂದೇ ದಿನದಲ್ಲಿ ನೆಲಸಮವಾದವು, ಕುಟುಂಬಗಳು ಕಡ್ಡಿರಾಂಪುರದ ಕಡೆ ಹೋಗಬೇಕಾಯಿತು. ಹೀಗಾಗಿ ಈ ಪದವನ್ನು ಅವರು ಶಬ್ದಕೋಶದಿಂದ ಕಲಿತದ್ದಲ್ಲ, ಬುಲ್ಡೋಜರಿನಿಂದ ಕಲಿತದ್ದು.

ಆದರೆ ಅದೇ ಜನರನ್ನು ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಅಣೆಕಟ್ಟೆಯಿಂದ ಎರಡು ಲಕ್ಷ ಕ್ಯೂಸೆಕ್ ನೀರು ಬಿಟ್ಟರೆ ನಿಮ್ಮ ಅಂಗಡಿಯ ಯಾವ ಮೆಟ್ಟಿಲಿಗೆ ನೀರು ಬರುತ್ತದೆ? ಉತ್ತರ ಸಿಗುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೇಳಿದರೂ ನಿಮ್ಮ ಮನೆಯ ಮೆಟ್ಟಿಲಿನ ಲೆಕ್ಕ ಸಿಗುವುದಿಲ್ಲ. ಕಲ್ಲಿಗಾಗಿ ಗೆರೆ ಎಳೆದಿದ್ದಾರೆ, ಅದನ್ನು ಕಾಯಲು ಕಾವಲುಗಾರರೂ ಇದ್ದಾರೆ. ಹೊಳೆಯ ಗೆರೆಯನ್ನು ಮಾತ್ರ ಯಾರೂ ಜನರ ಕಣ್ಣಿಗೆ ಬೀಳುವಂತೆ ಎಳೆದಿಲ್ಲ. ನನ್ನ ತಕರಾರು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರಣೆ.

ಮೊದಲು ಕ್ಯೂಸೆಕ್ ಎಂಬ ಮಾತನ್ನು ಬಿಡಿಸೋಣ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ, ವಿಜ್ಞಾನ ಕಲಿಸಿದವನು ನಾನು. ಓದುಗರು ಈ ಚಾಳಿಯನ್ನು ಸಹಿಸಿಕೊಳ್ಳಬೇಕು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್, ಅಂದರೆ ಸುಮಾರು 28.3 ಲೀಟರು. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮೇಲು. ಬೇಸಿಗೆಯಲ್ಲಿ ಹೊಸಪೇಟೆಯ ಬೀದಿಗಳಿಗೆ ಬರುವ ನೀರಿನ ಟ್ಯಾಂಕರು 10,000 ಲೀಟರಿನದೆಂದು ಹಿಡಿದರೆ, ನೀವು ‘ಒಂದು’ ಎಂದು ಎಣಿಸುವಷ್ಟರಲ್ಲಿ 283 ಟ್ಯಾಂಕರುಗಳ ನೀರು ನಿಮ್ಮ ಮುಂದೆ ಹಾದುಹೋಗುತ್ತದೆ. ಇದೇ ಹರಿವು ಒಂದು ಹಗಲು ಒಂದು ರಾತ್ರಿ ಮುಂದುವರಿದರೆ 8.64 ಟಿಎಂಸಿ, ಅಂದರೆ 864 ಕೋಟಿ ಘನ ಅಡಿ. ಈ 8.64 ಎಂಬ ಅಂಕಿಯನ್ನು ನೆನಪಿಟ್ಟುಕೊಂಡರೆ ಮಳೆಗಾಲದ ಪತ್ರಿಕೆಗಳನ್ನು ಬೇರೆಯೇ ಬಗೆಯಲ್ಲಿ ಓದಬಹುದು.

1953ರಲ್ಲಿ ನೀರು ನಿಂತಾಗ ನಮ್ಮ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 132 ಟಿಎಂಸಿ ಎಂದು ಲೆಕ್ಕ ಹಾಕಿದ್ದರು. ವರ್ಷವರ್ಷವೂ ಮಲೆನಾಡಿನಿಂದ, ಬಯಲಿನಿಂದ ಹರಿದು ಬಂದ ಹೂಳು ತಳದಲ್ಲಿ ಕೂತು ಈಗ ಲೆಕ್ಕಕ್ಕೆ ಸಿಗುವುದು 105.788 ಟಿಎಂಸಿ. ಕಳೆದುಹೋದ ಇಪ್ಪತ್ತಾರು ಇಪ್ಪತ್ತೇಳು ಟಿಎಂಸಿಯ ಬಗ್ಗೆ ರೈತರು ನೀರಾವರಿಯ ನಷ್ಟವೆಂದು ಕೊರಗುವುದು ನ್ಯಾಯವೇ. ಆದರೆ ಅದು ಕೆಳಗಿನವರ ನಷ್ಟವೂ ಹೌದು. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಗಳಲ್ಲಿ ಬಿದ್ದ ಮಳೆ ಕೂಡಲಿಯಲ್ಲಿ ಒಂದಾಗಿ, ದಾರಿಯಲ್ಲಿ ವರದೆಯನ್ನೂ ಕೂಡಿಸಿಕೊಂಡು ಬರುವಾಗ ಜಲಾಶಯದಲ್ಲಿ ಜಾಗವಿದ್ದರೆ ತಡೆದುಕೊಳ್ಳುತ್ತದೆ, ಇಲ್ಲವಾದರೆ ಬಂದದ್ದನ್ನು ಬಂದಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ನಮ್ಮದು ನೀರಾವರಿಗೂ ವಿದ್ಯುತ್ತಿಗೂ ಕಟ್ಟಿದ ಅಣೆಕಟ್ಟು; ಆಗಸ್ಟ್ ಹೊತ್ತಿಗೆ ಅದು ತುಂಬಿರಬೇಕು ಎಂಬುದೇ ಎಲ್ಲರ ಹಾರೈಕೆ. ತುಂಬಿದ ದಿನ ಸಚಿವರು ಬಾಗಿನ ಅರ್ಪಿಸುತ್ತಾರೆ. ಅಂದಿನಿಂದಾಚೆಗೆ ಪ್ರವಾಹ ತಡೆಯುವ ವಿಷಯದಲ್ಲಿ ಆ ಅಣೆಕಟ್ಟು ಇದ್ದೂ ಇಲ್ಲದಂತೆ ಎಂಬುದನ್ನು ಬಾಗಿನದ ಭಾಷಣದಲ್ಲಿ ಯಾರೂ ಹೇಳುವುದಿಲ್ಲ.

‘ಮೇಲೆ ಡ್ಯಾಂ ಇದೆಯಲ್ಲ, ನಮಗೇನು ಭಯ’ ಎಂಬ ಮಾತನ್ನು ನಾನು ಹೊಸಪೇಟೆಯಲ್ಲಿ ಅದೆಷ್ಟು ಸಲ ಕೇಳಿದ್ದೇನೋ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲೆ ಆ ಮಾತು ಸ್ವಲ್ಪ ಕಡಿಮೆಯಾಗಿದೆ. ಆ ರಾತ್ರಿ ದೊಡ್ಡ ಮಳೆಯ ಎಚ್ಚರಿಕೆಯೇನೂ ಇರಲಿಲ್ಲ. ಒಂದೇ ಬಾಗಿಲಿನಿಂದ ಸುಮಾರು 35,000 ಕ್ಯೂಸೆಕ್ ನುಗ್ಗತೊಡಗಿತು. ಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ವಾರದೊಳಗೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ ಬಾಗಿಲು ಮುಚ್ಚಿದ್ದು ನಮ್ಮ ಕಾಲದ ದೊಡ್ಡ ಸಾಹಸ. ಅದರಲ್ಲಿ ಎರಡು ಮಾತಿಲ್ಲ. 2025ರ ಮಳೆಗಾಲದಲ್ಲಿ ಹಳೆಯ ಗೇಟುಗಳ ಭಯದಿಂದ ಸಂಗ್ರಹವನ್ನು 80 ಟಿಎಂಸಿಗೆ ಮಿತಗೊಳಿಸಿದರು. ಆಗ ಕೆಲವರು, ‘ಇಪ್ಪತ್ತೈದು ಟಿಎಂಸಿ ಜಾಗ ಖಾಲಿ ಇದೆ, ಇನ್ನು ಪ್ರವಾಹದ ಮಾತಿಲ್ಲ’ ಎಂದರು. ಲೆಕ್ಕ ಹಾಕಿ: ಹೊರಬಿಡುವುದಕ್ಕಿಂತ ಎರಡು ಲಕ್ಷ ಕ್ಯೂಸೆಕ್ ಹೆಚ್ಚಾಗಿ ಒಳಬಂದರೆ ದಿನಕ್ಕೆ 17.28 ಟಿಎಂಸಿ ಸೇರುತ್ತದೆ. ಆ ಖಾಲಿ ಜಾಗ ತುಂಬಲು ಒಂದೂವರೆ ದಿನ ಸಾಕು.

ಇನ್ನು ಕೆಳಗಿನ ಕಥೆ. ಅಣೆಕಟ್ಟೆಯಿಂದ ಬಿಟ್ಟ ನೀರು ಕೆಲವೇ ಗಂಟೆಗಳಲ್ಲಿ ಹಂಪಿಯ ಬಂಡೆಗಳ ನಡುವಿನ ಇಕ್ಕಟ್ಟಿಗೆ ಬರುತ್ತದೆ. ಬಯಲಿನಲ್ಲಿ ಹೊಳೆ ಹರಡಿಕೊಳ್ಳುತ್ತದೆ. ಬಂಡೆಗಳ ನಡುವೆ ಹರಡಲಾರದೆ ಮೇಲೇಳುತ್ತದೆ. ಆದ್ದರಿಂದಲೇ ನಮ್ಮ ಭಾಗದ ಜನ ಅಂಕಿಗಳನ್ನು ನೆಚ್ಚದೆ ಗುರುತುಗಳನ್ನು ನೆಚ್ಚಿದರು. ಪುರಂದರ ಮಂಟಪಕ್ಕೆ ನೀರು ಮುಟ್ಟಿತೇ, ಕಂಬಗಳ ಅರ್ಧಕ್ಕೆ ಬಂತೇ, ಸೂರು ಮುಳುಗಿತೇ ಎಂಬುದು ಹಂಪಿಯವರ ಮಾಪಕ. ಕಂಪ್ಲಿಯವರಿಗೆ ಗಂಗಾವತಿ ರಸ್ತೆಯ ಸೇತುವೆಯೇ ಮಾಪಕ. ಹರಿವು ಲಕ್ಷ ಕ್ಯೂಸೆಕ್ಕಿನ ಸುತ್ತಮುತ್ತ ಬಂತೆಂದರೆ ಪೊಲೀಸರು ಅಡ್ಡಗಟ್ಟೆ ತಂದಿಡುತ್ತಾರೆ, ಕೋಟೆ ಪ್ರದೇಶದವರು ಗಂಟುಮೂಟೆ ಕಟ್ಟುತ್ತಾರೆ. ಇದು ಅನುಭವದಿಂದ ಹುಟ್ಟಿದ ಒಳ್ಳೆಯ ವಿಜ್ಞಾನ. ಆದರೆ ಅದು ಅಜ್ಜಂದಿರ ತಲೆಯಲ್ಲಿದೆ, ಗೋಡೆಯ ಮೇಲಿಲ್ಲ.

ನಾನು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಹಚ್ಚಿದ್ದೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಕೇಳಿ, ಅವರು ಕಂಡ ದೊಡ್ಡ ಹೊಳೆ ಎಲ್ಲಿಯವರೆಗೆ ಬಂದಿತ್ತೆಂದು ಬರೆದುಕೊಂಡು ಬರಬೇಕು. ನೆಲದಿಂದ ಎಷ್ಟು ಎತ್ತರವೆಂದು ಗೇಣಿನಲ್ಲಾದರೂ ಅಳೆಯಬೇಕು. ಮಕ್ಕಳು ತಂದ ಉತ್ತರಗಳು ಯಾವ ನಕ್ಷೆಗೂ ಕಡಿಮೆಯಿರಲಿಲ್ಲ. ‘ದನದ ಗ್ವಾದಲಿ ತುಂಬಿತ್ತಂತ್ರೀ ಸರ’ ಎಂದು ಒಬ್ಬ. ‘ನಮ್ಮಜ್ಜಿ ಒಳಕಲ್ಲಿನ ಮ್ಯಾಲೆ ಕುಂತಿದ್ಲಂತ’ ಎಂದು ಒಬ್ಬಳು. ಇನ್ನೊಬ್ಬ ಹುಡುಗನ ಮನೆಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಅವನ ಮುತ್ತಜ್ಜ ಉಳಿಯಿಂದ ಕೊರೆದ ಗೀಟೇ ಇತ್ತು. ಮನೆ ಹೊಸದಾಗಿ ಕಟ್ಟುವಾಗ ಆ ಚೌಕಟ್ಟನ್ನು ಗುಜರಿಗೆ ಹಾಕಿದ್ದರು. ಬಲು ಬೆಲೆಯ ದಾಖಲೆಯೊಂದು ತೂಕದ ಲೆಕ್ಕದಲ್ಲಿ ಹೋಯಿತು.

ಬಜಾರಿಗೆ ಬರುವ ನೀರು ಒಂದೇ ಬಗೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಉತ್ತರದಿಂದ ಹೊಳೆ ಏರುವುದು ಒಂದು. ಹೇಮಕೂಟ, ಮಾತಂಗಗಳ ಬರಿಬಂಡೆಯ ಮೇಲೆ ಬಿದ್ದ ಮಳೆ ಇಂಗಲು ಮಣ್ಣಿಲ್ಲದೆ ಜಾರಿ ತಗ್ಗಿಗೆ ನುಗ್ಗುವುದು ಇನ್ನೊಂದು. 2024ರ ಮೇ ತಿಂಗಳಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದದ್ದು ಹೊಳೆಯಿಂದಲ್ಲ, ಮಳೆಯಿಂದ. ಹೊಳೆಯ ನೀರಿಗೆ ಅಣೆಕಟ್ಟೆಯ ಪ್ರಕಟಣೆಯ ಮುನ್ಸೂಚನೆಯಾದರೂ ಉಂಟು. ಗುಡ್ಡದ ನೀರು ಯಾರಿಗೂ ಹೇಳಿ ಬರುವುದಿಲ್ಲ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳನ್ನು ನೆನೆಯಿರಿ. ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತು, ಕರ್ನೂಲು ಪಟ್ಟಣ ಮುಳುಗಿತು, ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳು ಕೆಸರಾದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮುಂಗಾರು ಮುಗಿಯಿತೆಂದು ಎಲ್ಲರೂ ನಿಶ್ಚಿಂತರಾಗಿದ್ದ ಹೊತ್ತು. ಆ ನೀರಿನ ದೊಡ್ಡ ಪಾಲು ಅಣೆಕಟ್ಟೆಯ ಕೆಳಗಿನ ಬಯಲಿನಲ್ಲಿಯೇ, ಹಗರಿ ಮೊದಲಾದ ಹಳ್ಳಗಳ ಪಾತ್ರದಲ್ಲಿಯೇ ಸುರಿದದ್ದು. ಡ್ಯಾಮಿನ ಅಂಕಿಯೊಂದನ್ನೇ ನೋಡುತ್ತ ಕುಳಿತವರಿಗೆ ಅದರ ಸುಳಿವು ಸಿಗುವಂತಿರಲಿಲ್ಲ.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇದು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ.’ ಕೇಳಿದವರೆಲ್ಲ, ಹಾಗಾದರೆ ಇನ್ನು ನಮ್ಮ ಆಯುಸ್ಸಿನಲ್ಲಿ ಇಲ್ಲ ಎಂದು ನಿಟ್ಟುಸಿರಿಟ್ಟರು. ಈ ಮಾತಿನ ಅರ್ಥ ಅದಲ್ಲ. ಒಂದು ಚೀಲದಲ್ಲಿ ನೂರು ಗೋಲಿಗಳಿವೆ, ತೊಂಬತ್ತೊಂಬತ್ತು ಬಿಳಿ, ಒಂದು ಕೆಂಪು. ಪ್ರತಿ ವರ್ಷ ಕಣ್ಣು ಮುಚ್ಚಿ ಒಂದನ್ನು ತೆಗೆದು ನೋಡಿ ಮತ್ತೆ ಚೀಲಕ್ಕೇ ಹಾಕುತ್ತೇವೆ. ಕೆಂಪು ಬಂದ ವರ್ಷ ಆ ಪ್ರಮಾಣದ ಪ್ರವಾಹ. ಈ ವರ್ಷ ಬಂದಿತೆಂದು ಮುಂದಿನ ವರ್ಷ ಗೋಲಿ ಚೀಲದಿಂದ ಮಾಯವಾಗುವುದಿಲ್ಲ. ಮೂವತ್ತು ವರ್ಷ ಹೀಗೆ ತೆಗೆದರೆ ಒಮ್ಮೆಯಾದರೂ ಕೆಂಪು ಬರುವ ಸಾಧ್ಯತೆ ನೂರಕ್ಕೆ 26. ಮನೆ ಸಾಲದ ಅವಧಿಯೂ ಬಹುಮಟ್ಟಿಗೆ ಅಷ್ಟೇ ತಾನೆ? ನಾಲ್ಕರಲ್ಲಿ ಒಂದು ಪಾಲು ಅಪಾಯವೆಂದರೆ ಅದು ಆಯುಸ್ಸಿನಾಚೆಯ ಮಾತಲ್ಲ.

ಈಗ 2019ಕ್ಕೆ ಬರುತ್ತೇನೆ; ನನ್ನ ವಾದದ ಕೇಂದ್ರ ಅಲ್ಲಿದೆ. ಆ ವರ್ಷದ ಆಗಸ್ಟ್ ಎರಡನೆಯ ವಾರ ಹೊಳೆ ಉಕ್ಕಿ, ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ಮುನ್ನೂರಕ್ಕೂ ಮೇಲ್ಪಟ್ಟು ಪ್ರವಾಸಿಗರು ಸಿಕ್ಕಿಬಿದ್ದರು. ವಿದೇಶೀಯರೂ ಇದ್ದರು. ಹೆಲಿಕಾಪ್ಟರುಗಳು ಬಂದವು, ರಕ್ಷಣೆಗೆ ಹೋದ ದೋಣಿಯೊಂದು ಮಗುಚಿ ಅದರಲ್ಲಿದ್ದವರನ್ನೂ ರಕ್ಷಿಸಬೇಕಾಯಿತು. ಹೆಸರೇ ಗಡ್ಡೆ, ಅಂದರೆ ನಡುಗಡ್ಡೆ. ಹೊಳೆ ಏರಿದಾಗ ಸುತ್ತುವರಿಯುತ್ತದೆ ಎಂಬ ಎಚ್ಚರಿಕೆಯನ್ನು ಹಿರಿಯರು ಊರಿನ ಹೆಸರಿನಲ್ಲಿಯೇ ಇಟ್ಟುಹೋಗಿದ್ದರು. ಆರೇಳು ತಿಂಗಳಾದ ಮೇಲೆ, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಮಾರ್ಚಿನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಯಾವ ಕಾನೂನಿನಡಿ? 1961ರ ಸ್ಮಾರಕಗಳ ಕಾಯ್ದೆಯಡಿ. ಕಲ್ಲಿನ ಸನಿಹದಲ್ಲಿ ಕಟ್ಟಿದಿರಿ ಎಂಬುದು ಅಪರಾಧವಾಯಿತೇ ಹೊರತು, ಹೊಳೆಯ ಮಡಿಲಲ್ಲಿ ಕಟ್ಟಿ ಅತಿಥಿಗಳನ್ನು ಮಲಗಿಸಿದಿರಿ ಎಂಬುದಲ್ಲ. ಹಾಗೆ ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಸ್ಮಾರಕವಿಲ್ಲದ ಯಾವುದಾದರೂ ನಡುಗಡ್ಡೆಯಲ್ಲಿ ನಾಳೆ ಯಾರಾದರೂ ಅಂಥದೇ ರೆಸಾರ್ಟು ಕಟ್ಟಿದರೆ ಪ್ರವಾಹದ ಕಾರಣ ಹೇಳಿ ತಡೆಯಲು ಪಂಚಾಯಿತಿಯ ಕೈಯಲ್ಲಿ ಏನಿದೆ?

ಇದು ಹೊಸ ಆಲೋಚನೆಯೇನೂ ಅಲ್ಲ. ಪ್ರವಾಹ ಬಯಲುಗಳನ್ನು ವಲಯಗಳಾಗಿ ಗುರುತಿಸುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳುಹಿಸಿದ್ದು 1975ರಲ್ಲಿ. ಮಣಿಪುರ 1978ರಲ್ಲಿ ಕಾನೂನು ಮಾಡಿತು, ಬಹಳ ತಡವಾಗಿ ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಮಾಡಿದವು. ಆ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ನೀರು ರಾಜ್ಯದ ವಿಷಯ, ಭೂಮಿಯೂ ರಾಜ್ಯದ ವಿಷಯ, ದೆಹಲಿಯನ್ನು ದೂರುವಂತಿಲ್ಲ. ಅಷ್ಟು ಸಾಲದೆಂಬಂತೆ ನಮ್ಮ ಹೊಳೆಯ ದಡಗಳು ಮೂರು ಜಿಲ್ಲೆಗಳಿಗೆ ಹಂಚಿಹೋಗಿವೆ: ಹಂಪಿ ವಿಜಯನಗರಕ್ಕೆ, ಎದುರಿನ ಗಡ್ಡೆ-ಆನೆಗೊಂದಿ ಕೊಪ್ಪಳಕ್ಕೆ, ಸ್ವಲ್ಪ ಕೆಳಗಿನ ಕಂಪ್ಲಿ ಬಳ್ಳಾರಿಗೆ. ಗೇಟಿನ ಕೀಲಿ ತುಂಗಭದ್ರಾ ಮಂಡಳಿಯ ಬಳಿ. ನೀರು ಒಂದೇ, ಪ್ರಕಟಣೆ ಹೊರಡಿಸುವ ಕಚೇರಿಗಳು ನಾಲ್ಕು.

ಹಂಪಿ ಬಜಾರಿನಲ್ಲಿ ಈ ಮಾತೆತ್ತಿದರೆ ಒಂದು ಪ್ರತಿರೋಧ ಬಂದೇ ಬರುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಲ್ಲಿ ಕರಕುಶಲ ವಸ್ತು, ಬಟ್ಟೆ ಮಾರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೈ ಮುಗಿದು ಹೇಳಿದ: ‘ಬ್ಯಾಡ್ರೀ ಸರ, ಇನ್ನೊಂದು ಗೆರಿ ಎಳಸಬ್ಯಾಡ್ರಿ. ಒಂದು ಗೆರಿ ಎಳದದ್ದಕ್ಕೇ ನಮ್ಮಪ್ಪನ ಅಂಗಡಿ ಹೋತು.’ ಅವನ ಭಯಕ್ಕೆ ಆಧಾರವಿದೆ. 2011ನ್ನು ಕಂಡವನಿಗೆ ವಲಯವೆಂದರೆ ಎತ್ತಂಗಡಿ. ಆದರೆ ಪ್ರವಾಹ ವಲಯದ ತಿರುಳು ಎತ್ತಂಗಡಿಯಲ್ಲ. ಎಲ್ಲಿ ಏನಿರಬಹುದೆಂಬ ತಾರತಮ್ಯ ಅದು. ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು ನೂರು ವರ್ಷದ ಪ್ರವಾಹದ ಮಟ್ಟಕ್ಕಿಂತ ಮೇಲಿರಲಿ. ಮನೆ, ಕಚೇರಿಗಳು ಇಪ್ಪತ್ತೈದು ವರ್ಷದ ಮಟ್ಟದ ಮೇಲಿರಲಿ. ಆಗಾಗ ಮುಳುಗುವೆಡೆ ತೋಟ, ಮೈದಾನಗಳಿರಲಿ ಎಂಬುದು ಅದರ ಸ್ಥೂಲ ರೂಪ. ಇರುವ ಅಂಗಡಿ ಇರಬಹುದು, ಆದರೆ ಕಟ್ಟೆ ಎರಡು ಅಡಿ ಎತ್ತರವಾಗಬೇಕು, ಮೀಟರು ಗೋಡೆಯ ಮೇಲ್ಭಾಗಕ್ಕೆ ಹೋಗಬೇಕು. ಗೆರೆ ಎಳೆಯದಿದ್ದರೆ ಅಂಗಡಿ ಉಳಿಯುತ್ತದೆ ಎಂಬುದೂ ಸುಳ್ಳು. ಹೊಳೆಗೆ ತನ್ನ ಗೆರೆ ಗೊತ್ತಿದೆ. ಒಂದು ಮಾತನ್ನು ಮಾತ್ರ ಸರ್ಕಾರ ಬರೆದುಕೊಡಬೇಕು: ಪ್ರವಾಹದ ಗೆರೆಯನ್ನು ಬೇರೆ ಕಾರಣಕ್ಕೆ ಒಕ್ಕಲೆಬ್ಬಿಸುವ ನೆಪವಾಗಿ ಬಳಸುವುದಿಲ್ಲವೆಂದು. ಅದಿಲ್ಲದೆ ಬಜಾರಿನವರ ನಂಬಿಕೆ ಗಳಿಸುವುದು ಸಾಧ್ಯವಿಲ್ಲ.

ಅದೇ ಶಿಷ್ಯನನ್ನು, ‘ಸರಕಿಗೆ ವಿಮೆ ಮಾಡಿಸಿದ್ದೀಯೇನಪ್ಪ?’ ಎಂದು ಕೇಳಿದೆ. ಅವನು ನಕ್ಕ. ‘ವಿಮಾ ಅಂದ್ರ ಸತ್ತಮ್ಯಾಲ ಬರೋದಲ್ರೀ ಸರ?’ ನಮ್ಮ ನಾಡಿನ ಸಾಮಾನ್ಯ ಕಲ್ಪನೆ ಇದೇ. ವಿಮೆಯೆಂದರೆ ಜೀವವಿಮೆ, ಇಲ್ಲವೇ ಪೊಲೀಸರಿಗೆ ತೋರಿಸಲು ಗಾಡಿಯ ಕಾಗದ. ಉಳಿದದ್ದಕ್ಕೆಲ್ಲ ‘ಸರ್ಕಾರ ಪರಿಹಾರ ಕೊಡ್ತೈತಿ’.

ಪರಿಹಾರದ ಅಳತೆಯನ್ನು ನೋಡೋಣ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿಪಡಿಸಿದ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಕೊಚ್ಚಿಹೋದ ಬಟ್ಟೆಬರೆಗೆ ಕುಟುಂಬಕ್ಕೆ 2,500, ಪಾತ್ರೆಪಗಡಕ್ಕೆ 2,500. ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000, ಅಂದರೆ ಎಕರೆಗೆ ಏಳು ಸಾವಿರಕ್ಕೂ ಕಡಿಮೆ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಮೇಲೆ ಸೇರಿಸುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷವೆಂದು ಘೋಷಿಸಿತ್ತು. ಅದು ಆ ವರ್ಷದ ದಯೆ, ಪ್ರತಿ ವರ್ಷದ ಹಕ್ಕಲ್ಲ. ಅಂಗಡಿಯಲ್ಲಿ ಕೊಳೆತ ಸರಕಿಗಂತೂ ಆ ಮಾನದಂಡದಲ್ಲಿ ಕಲಮೇ ಇಲ್ಲ. ಪ್ರವಾಸಿಗರನ್ನು ನಂಬಿ ದೀಪಾವಳಿಯ ಹೊತ್ತಿಗೆಂದು ಸಾಲ ಮಾಡಿ ತುಂಬಿಸಿಟ್ಟ ಬಟ್ಟೆ, ಚೀಲ, ಪುಸ್ತಕಗಳ ನಷ್ಟ ಪೂರ್ತಿ ಮಾಲೀಕನದೇ.

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಹೇಳುವ ವಿಷಯ ಇಲ್ಲಿ ಹೋಲಿಕೆಗೆ ಬರುತ್ತದೆ. ಅಲ್ಲಿ ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. 1968ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಿಂದಲೋ ಖಾಸಗಿಯವರಿಂದಲೋ ಪ್ರತ್ಯೇಕ ಪಾಲಿಸಿ ಕೊಳ್ಳಬೇಕು. ಆದರೆ ಪ್ರತಿ ಮನೆ ಯಾವ ಪ್ರವಾಹ ವಲಯದಲ್ಲಿದೆಯೆಂದು ಯಾರು ಬೇಕಾದರೂ ನಕ್ಷೆಯಲ್ಲಿ ನೋಡಬಹುದು, ಅಪಾಯದ ವಲಯವಾದರೆ ಬ್ಯಾಂಕು ವಿಮೆಯಿಲ್ಲದೆ ಗೃಹಸಾಲ ಕೊಡುವುದಿಲ್ಲ. ನಮ್ಮಲ್ಲಿ ತಿರುವುಮುರುವು. ನಕ್ಷೆ ಇಲ್ಲ, ಆದರೆ ವಿಮೆಯಲ್ಲಿ ಪ್ರವಾಹ ಸೇರಿಯೇ ಇದೆ! 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಲೇಬೇಕಾದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಭೂಕಂಪಗಳೊಂದಿಗೆ ಪ್ರವಾಹ, ಜಲಾವೃತಗಳೂ ಇವೆ. ಮನೆಯ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇಕಡ 20ರಷ್ಟು, ಹೆಚ್ಚೆಂದರೆ ಹತ್ತು ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿಯೇ ರಕ್ಷಣೆ. ಬಾಡಿಗೆ ಮನೆಯವರು ಸಾಮಾನಿಗಷ್ಟೇ ಮಾಡಿಸಬಹುದು. ನೀರು ನುಗ್ಗಿದಾಗ ಬಾಗಿಲು ಹಾಕದೆ ಓಡಿಹೋದ ಮನೆಯಲ್ಲಿ ಏಳು ದಿನಗಳೊಳಗೆ ಕಳವಾದರೆ ಅದೂ ಸೇರುತ್ತದೆ. ಛಾವಣಿ ಸೋರಿ ಗೋಡೆ ಹಸಿಯಾದದ್ದನ್ನು ಮಾತ್ರ ಪ್ರವಾಹವೆಂದು ಸಾಧಿಸಲು ಹೋಗಬಾರದು.

ಅಂಗಡಿಯವರಿಗೆ ಅದೇ ದಿನ ಬಂದ ಇನ್ನೊಂದು ಪಾಲಿಸಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’. ಐದು ಕೋಟಿಯವರೆಗಿನ ವ್ಯವಹಾರಕ್ಕೆ. ನೆಲ ಯಾರದೇ ಇರಲಿ, ಸರಕು ನಿಮ್ಮದಾದರೆ ಅದರ ನಷ್ಟ ನಿಮ್ಮದು, ಆದ್ದರಿಂದ ವಿಮೆ ಮಾಡಿಸುವ ಹಿತಾಸಕ್ತಿಯೂ ನಿಮ್ಮದು ಎಂಬುದು ವಿಮಾಶಾಸ್ತ್ರದ ಮೂಲತತ್ತ್ವ. ಆದರೆ ಕಟ್ಟಡ ಎಂಥದೆಂಬುದು ಕಂಪನಿಯ ಮೊದಲ ಪ್ರಶ್ನೆ. ತಗಡಿನ ಶೆಡ್ಡು, ಗೂಡಂಗಡಿಯಾದರೆ ಅದನ್ನು ಮುಚ್ಚಿಡದೆ ಬರೆಸಬೇಕು. ಸರಕಿನ ಬೆಲೆಯನ್ನು ಕಂತು ಉಳಿಸಲೆಂದು ಅರ್ಧ ಬರೆಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶೇಕಡ 15ರೊಳಗಿನ ಕೊರತೆಯನ್ನಷ್ಟೇ ಮನ್ನಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ತೊಡಕು ಬಿಲ್ಲುಗಳದು. ಬಜಾರಿನ ಬಹುಪಾಲು ಖರೀದಿ ಬಾಯಿಮಾತಿನದು. ಸರಕು ನೀರಿನಲ್ಲಿ ಹೋದಮೇಲೆ ಸರ್ವೇಯರ್ ಬಂದು ಏನಿತ್ತೆಂದು ಕೇಳಿದರೆ ತೋರಿಸಲು ಕೆಸರಲ್ಲದೆ ಮತ್ತೇನಿರುತ್ತದೆ? ತಿಂಗಳಿಗೊಮ್ಮೆ ಅಂಗಡಿಯ ಕಪಾಟುಗಳ ಫೋಟೋ ತೆಗೆದು ಊರಾಚೆಯ ಮಗಳ ಫೋನಿಗೆ ಕಳಿಸಿಡುವುದು ಖರ್ಚಿಲ್ಲದ ಕೆಲಸ. ಕೆಸರು ತೊಳೆಯುವ ಮುಂಚೆಯೂ ಒಂದು ಫೋಟೋ.

ರೈತರ ವಿಷಯ ಇನ್ನೂ ಸಂಕೀರ್ಣ, ಮತ್ತು ಹೆಚ್ಚು ನೋವಿನದು. ಕಂಪ್ಲಿಯಿಂದ ಸಿರುಗುಪ್ಪದವರೆಗೆ ಹೊಳೆದಂಡೆ ಎಂದರೆ ಭತ್ತ. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇಕಡ 2 ಮಾತ್ರ. ಕಡಿಮೆಯೇ. ಆದರೆ ಅಲ್ಲಿ ಇಳುವರಿಯ ಲೆಕ್ಕ ಇಡೀ ಗ್ರಾಮ ಪಂಚಾಯಿತಿಯದು. ದಂಡೆಯ ಹತ್ತು ಮಂದಿಯ ಗದ್ದೆ ಮುಳುಗಿ, ಕಾಲುವೆಯ ಕೆಳಗಿನ ಮುನ್ನೂರು ಮಂದಿಯ ಗದ್ದೆ ಚೆನ್ನಾಗಿದ್ದರೆ ಪಂಚಾಯಿತಿಯ ಸರಾಸರಿ ಚೆನ್ನಾಗಿಯೇ ಇರುತ್ತದೆ. ಹತ್ತು ಮಂದಿಗೆ ಏನೂ ಇಲ್ಲ. ಇದಕ್ಕೆಂದೇ ‘ಸ್ಥಳೀಯ ವಿಕೋಪ’ ಎಂಬ ಬಾಗಿಲಿತ್ತು: ಗದ್ದೆ ಜಲಾವೃತವಾದರೆ 72 ಗಂಟೆಯೊಳಗೆ ತಿಳಿಸಿ, ಅವನೊಬ್ಬನ ಹೊಲವನ್ನೇ ನೋಡಿ ಪರಿಹಾರ. 2018ರಲ್ಲಿ ಭತ್ತದ ಪಾಲಿಗೆ ಆ ಬಾಗಿಲು ಮುಚ್ಚಿದರು. ಭತ್ತ ನೀರಿನಲ್ಲೇ ಬೆಳೆಯುವ ಬೆಳೆಯಲ್ಲವೇ ಎಂಬುದು ಸಮರ್ಥನೆ. ಮೊಣಕಾಲು ನೀರಿನಲ್ಲಿ ಬೆಳೆಯುವುದೇ ಬೇರೆ, ಆಳುದ್ದ ಕೆಂಪುನೀರಿನಲ್ಲಿ ವಾರ ಮುಳುಗಿ ಕೊಳೆಯುವುದೇ ಬೇರೆ ಎಂಬುದನ್ನು ನಾಟಿ ಮಾಡುವ ಯಾವ ಹೆಣ್ಣುಮಗಳಾದರೂ ಆ ಅಧಿಕಾರಿಗಳಿಗೆ ಹೇಳಿಕೊಡಬಹುದಿತ್ತು. 2019ರ ಪ್ರವಾಹ ಈ ಮುಚ್ಚಿದ ಬಾಗಿಲಿನ ಮುಂದೆಯೇ ಬಂತು. 2026ರ ಮುಂಗಾರಿನಿಂದ ಭತ್ತದ ಜಲಾವೃತವನ್ನು ಮತ್ತೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಸ್ವಾಗತಾರ್ಹ. ಆದರೆ 2020ರಿಂದ ಸಾಲಗಾರ ರೈತರಿಗೂ ಈ ವಿಮೆ ಐಚ್ಛಿಕ. ಸೊಸೈಟಿಯವರು ಹೇಗೂ ಕಂತು ಹಿಡಿದಿರುತ್ತಾರೆ ಎಂದು ಕೂರುವಂತಿಲ್ಲ, ರಸೀದಿ ಕೇಳಿ ನೋಡಬೇಕು. ಕರೆಂಟು ಹೋಗಿ, ಮೊಬೈಲು ಸತ್ತು, ಸೇತುವೆ ಮುಳುಗಿದಾಗ 72 ಗಂಟೆ ಬಹು ಬೇಗ ಕಳೆಯುತ್ತದೆ ಎಂಬುದೂ ನೆನಪಿರಲಿ. ದೂರಿನ ಫೋನ್ ಸಂಖ್ಯೆ ಮತ್ತು ಅರ್ಜಿ ಸಂಖ್ಯೆ ಬೇರೆ ಊರಿನ ನೆಂಟರ ಬಳಿಯೂ ಇರಲಿ.

ವಿಮೆ ಗೆರೆಯ ಕೆಲಸವನ್ನು ಮಾಡಲಾರದು. ಹಣ ಬರುತ್ತದೆ, ಮುಳುಗುವುದು ತಪ್ಪುವುದಿಲ್ಲ. ಆದ್ದರಿಂದ ಮತ್ತೆ ನನ್ನ ಬೇಡಿಕೆಗೆ ಬರುತ್ತೇನೆ. ಕಾನೂನು ಬರುವಾಗ ಬರಲಿ. ಅದಕ್ಕೆ ಮುನ್ನ ಮಂಡಳಿ, ಮೂರು ಜಿಲ್ಲಾಡಳಿತಗಳು ಕೂಡಿ ಹಂಪಿ, ಆನೆಗೊಂದಿ, ಕಂಪ್ಲಿ ಮತ್ತು ದಂಡೆಯ ಪ್ರತಿ ಹಳ್ಳಿಯಲ್ಲಿ ಕಲ್ಲು ನೆಡಲಿ: ಒಂದು ಲಕ್ಷ ಕ್ಯೂಸೆಕ್ಕಿಗೆ ನೀರು ಇಲ್ಲಿಗೆ, ಒಂದೂವರೆ ಲಕ್ಷಕ್ಕೆ ಇಲ್ಲಿಗೆ, ಎರಡೂವರೆ ಲಕ್ಷಕ್ಕೆ ಇಲ್ಲಿಗೆ. ನೀರು ಬಿಡುವ ಪ್ರಕಟಣೆಯಲ್ಲಿ ‘ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು’ ಎಂಬ ಹಳೆಯ ವಾಕ್ಯದ ಬದಲು, ‘ಎರಡನೆಯ ಕಲ್ಲಿನವರೆಗೆ ನೀರು ಬರಲಿದೆ’ ಎಂದಿರಲಿ. ಅದನ್ನು ಓದಿ ಎಳನೀರಿನವನಿಗೂ ತಾನು ಏಳಬೇಕೋ ಕೂರಬಹುದೋ ತಿಳಿಯುತ್ತದೆ, ವಿಮಾ ಕಂಪನಿಗೂ ಯಾವ ಅಂಗಡಿ ಎಲ್ಲಿದೆಯೆಂದು ತಿಳಿಯುತ್ತದೆ.

ಹಂಪಿಯಲ್ಲಿ ಒಂದು ತೊಡಕುಂಟು. ಸಂರಕ್ಷಿತ ಮಂಟಪಗಳ ಕಂಬಕ್ಕೆ ಬಣ್ಣದ ಗೀಟು ಹಾಕುವಂತಿಲ್ಲ, ಹಾಕಲೂಬಾರದು. ಹೊಸ ಕಲ್ಲು ನೆಡಲು ಕೋರ್ ಝೋನಿನಲ್ಲಿ ಪುರಾತತ್ತ್ವ ಇಲಾಖೆಯ ಒಪ್ಪಿಗೆ ಬೇಕು, ಪ್ರಾಧಿಕಾರದ ಒಪ್ಪಿಗೆ ಬೇಕು. ಬಜಾರಿನ ಹಿಂದಿನಿಂದ ಹೊಳೆಯ ಮೆಟ್ಟಿಲಿಗಿಳಿಯುವ ದಾರಿಯಲ್ಲಿ ಅಂಥ ಮೂರು ಕಲ್ಲುಗಳಿಗೆ ಜಾಗ ಕೇಳಿ ಪಂಚಾಯಿತಿಯವರು ಅರ್ಜಿ ಬರೆಯುವುದಾದರೆ ಬರೆದುಕೊಡಲು ನಾನು ಸಿದ್ಧ. ಮಕ್ಕಳ ಆ ಹಳೆಯ ಹಾಳೆಗಳು ನನ್ನ ಕಪಾಟಿನಲ್ಲಿವೆ, ಗ್ವಾದಲಿ ಮತ್ತು ಒಳಕಲ್ಲಿನ ಎತ್ತರಗಳ ಸಮೇತ. ಅವನ್ನು ಲಗತ್ತಿಸಬಹುದು.